ತೆರೆದ ಗಳಿಗೆಯ ಪ್ರತಿ

ಐದು ಎಂದು ಬರೆದ ಹಾಳೆಯಿಂದ ಒಂದು ಪ್ರತಿ ತೆಗೆದಿರೆಂದುಕೊಳ್ಳಿ. ಆಮೇಲೆ ಮೂಲದ ಐದನ್ನು ಹೊಡೆದು ಆರು ಎಂದು ತಿದ್ದಿದಿರಿ. ಪ್ರತಿಯಲ್ಲಿ ಐದೇ ಉಳಿದಿರುತ್ತದೆ. ಮೂಲ ಬದಲಾಯಿತೆಂದು ಪ್ರತಿಗೆ ತಿಳಿಸುವ ದಾರಿಯಿಲ್ಲ. ಅದನ್ನು ಹರಿದೊಗೆದು ಹೊಸದೊಂದನ್ನು ತೆಗೆಯಬೇಕು, ಅಷ್ಟೆ.

ಗಣಕಯಂತ್ರದಲ್ಲಿ ಬರೆಹದ ಕೆಲಸ ಮಾಡುವ ಸಂಪಾದಕವೆಂಬ ತಂತ್ರಾಂಶವೂ ಈ ನಿಯಮದಂತೆಯೇ ಹುಟ್ಟುತ್ತದೆ. ತನ್ನನ್ನು ತೆರೆದ ತಾಯಿ-ತಂತ್ರಾಂಶದಿಂದ, ಅದಕ್ಕೆ ಶೆಲ್ ಎನ್ನುತ್ತಾರೆ, ಊರು ಯಾವುದು, ಭಾಷೆ ಯಾವುದು, ಯಜಮಾನ ಯಾರು ಎಂಬ ಮೌಲ್ಯಗಳ ಒಂದು ಪ್ರತಿಯನ್ನು ಹುಟ್ಟುವ ಗಳಿಗೆಯಲ್ಲಿ ಪಡೆಯುತ್ತದೆ. ಈ ಮೌಲ್ಯಗಳ ಗುಂಪಿಗೆ ಪರಿಸರವೆಂದು ಹೆಸರು. ಆ ಬಳಿಕ ತಾಯಿಯಲ್ಲಿ ಏನು ಬದಲಾದರೂ ಮಗುವಿಗೆ ಮುಟ್ಟುವುದಿಲ್ಲ.

ಪತ್ರ ಬರೆಯುವವರಿಗೆ ಈ ನಿಯಮದಿಂದ ಕೇಡಿಲ್ಲ. ಅಂಥ ಸಂಪಾದಕವೇ ಒಬ್ಬ ಹೆಂಗಸಿನ ನಾಲಗೆಯಾದರೆ?

ನೀಲಗಂಗಾ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಸಾರುವ ಕೆಲಸದಲ್ಲಿದ್ದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆ ಧ್ವನಿ ಒಂದು ಮುಂಜಾನೆ ನಿಂತಿತು. ಅರಿವು ಉಳಿಯಿತು, ಕಿವಿ ಉಳಿಯಿತು, ಎಡಗೈಯ ಬೆರಳುಗಳಲ್ಲಿ ಸ್ವಲ್ಪ ಚಲನೆ ಉಳಿಯಿತು. ಒಮ್ಮೆ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಅಲ್ಲ: ಮೊದಲ ಕೆಲವು ತಿಂಗಳು ಅವಳಿಗಿದ್ದ ಭಾಷೆ ಇಷ್ಟೇ.

ಧಾರವಾಡದ ವಾಣಿ ಪುನಶ್ಚೇತನ ಕೇಂದ್ರದವರು ಅವಳ ತಲೆಯೊಳಗೆ ಕೂದಲೆಳೆಯಂಥ ತಂತಿಗಳನ್ನು ಕೂರಿಸಿದರು. ಹಾಸಿಗೆಯ ಪಕ್ಕ ಒಂದು ಪೆಟ್ಟಿಗೆ, ಅದರ ಮೇಲೆ ಪರದೆ. ತಂತಿಗಳ ಸಂಕೇತವನ್ನು ಓದಿ ಸಂಪಾದಕ ವಾಕ್ಯ ಬರೆಯಬೇಕು. ಬರೆದದ್ದನ್ನು ಪೆಟ್ಟಿಗೆ ಅವಳದೇ ದನಿಯಲ್ಲಿ ನುಡಿಯಬೇಕು. ಅವಳ ಉಸಿರಾಟಕ್ಕೆ ಆಸರೆಯಾದ ಯಂತ್ರವನ್ನು ನಡೆಸುತ್ತಿದ್ದುದೂ ಅದೇ ಪೆಟ್ಟಿಗೆ.

ಪೆಟ್ಟಿಗೆ ಬಂದ ದಿನ ಗಂಡ ರಾಚಪ್ಪ ಓಣಿಯ ಪಂಚಾಂಗ ನೋಡುವ ಅಯ್ಯಗೋಳನ್ನು ಕೇಳಿ ಗಳಿಗೆ ಗೊತ್ತುಮಾಡಿದ್ದ. ಅವನು ಹಿಟ್ಟಿನ ಗಿರಣಿಯವನು. ವರ್ಷಕ್ಕೊಮ್ಮೆ ಗಿರಣಿಯ ಕಲ್ಲು ಬದಲಿಸಿದಾಗಲೂ ಗಳಿಗೆ ನೋಡದೆ ಗುಂಡಿ ಒತ್ತಿದವನಲ್ಲ. ಪೆಟ್ಟಿಗೆಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಹೂ ಏರಿಸಿ ನಿಂತ.

"ಪರದೆ ಮ್ಯಾಲಿನ ಬಾಯಿ ಚಿತ್ರ ಮುಟ್ರಿ, ತೆರೀತದ" ಎಂದಳು ಕೇಂದ್ರದ ಎಂಜಿನಿಯರು ಪದ್ಮಾವತಿ ಮಗದುಮ್.

"ತಡೀರಿ ಮೇಡಮ್ಮಾರ. ಇನ್ನೊಂದೀಟು ರಾಹುಕಾಲ ಐತಿ."

"ಪೆಟ್ಟಿಗೀಗೆ ರಾಹುಕಾಲ ಗೊತ್ತಾಗಂಗಿಲ್ರಿ."

"ಪೆಟ್ಟಿಗೀಗೆ ಗೊತ್ತಾಗದಿದ್ರ ರಾಹೂಗರ ಪೆಟ್ಟಿಗಿ ಗೊತ್ತಾಗ್ತೈತ್ರಿ."

ಗಳಿಗೆ ಬಂತು. ರಾಚಪ್ಪ ಚಿತ್ರವನ್ನು ಮುಟ್ಟಿದ. ಪರದೆ ಬೆಳಗಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಹುಬ್ಬಳ್ಳಿಯ ಮಂದಿ ಕೇಳಿ ಬಲ್ಲ ಆ ದನಿ, ಏರಿಳಿತವಿಲ್ಲದೆ, ಪದಪದವನ್ನೂ ಬಿಡಿಸಿ ನುಡಿಯಿತು: "ಹೊರಗ. ಚಪ್ಪಲಿ. ಬಿಟ್ಟು. ಬರ್ರಿ."

ರಾಚಪ್ಪ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದ. ಅವನು ಅತ್ತದ್ದನ್ನು ಪದ್ಮಾವತಿ ಮೊದಲು ಕಂಡದ್ದು ಅಂದೇ.

ಧ್ವನಿಯನ್ನು ಹಳೆಯ ಪ್ರಕಟಣೆಗಳ ಧ್ವನಿಮುದ್ರಿಕೆಯಿಂದ ಕಟ್ಟಿದ್ದರು. ಆದ್ದರಿಂದ ಅವಳು ಏನು ಹೇಳಿದರೂ ಸಾರಿದಂತೆ ಕೇಳುತ್ತಿತ್ತು. "ಚಹಾ ಬೇಡಿದ್ರ ಬಿಜಾಪುರ ಬಸ್ ಹೊಂಟಂಗ ಆಗ್ತೈತಿ ನೋಡ" ಎಂದು ರಾಚಪ್ಪ ನಗುತ್ತಿದ್ದ. "ಹೊಂಡಲಿ. ನೀವೂ. ಹತ್ರಿ" ಎಂದು ಪೆಟ್ಟಿಗೆ ಮರುನುಡಿಯುತ್ತಿತ್ತು. ಮಾತು ಸಿಕ್ಕ ಮೇಲೆ ಅವಳ ರೆಪ್ಪೆಯನ್ನು ಯಾರೂ ನೋಡಲಿಲ್ಲ. ನೋಡುವ ಅಗತ್ಯವೂ ಕಾಣಲಿಲ್ಲ.

ಇಲ್ಲಿ ಯಂತ್ರದ ಬಗ್ಗೆ ಒಂದು ಮಾತು ಹೇಳಬೇಕು. ತಂತಿಗಳಿಂದ ಬರುವ ಸಂಕೇತ ಬಹಳ ಕ್ಷೀಣ. ಒಂದೇ ಸಂಕೇತಕ್ಕೆ ನೂರು ವಾಕ್ಯಗಳು ಹೊಂದುತ್ತವೆ. ಆ ನೂರರಲ್ಲಿ ಒಂದನ್ನು ಆರಿಸಲು ಸಂಪಾದಕ ತನ್ನ ಪರಿಸರವನ್ನು ನೋಡುತ್ತದೆ: ಊರು ಹುಬ್ಬಳ್ಳಿ, ಗಂಡ ರಾಚಪ್ಪ, ತಮ್ಮ ಶಿವಪುತ್ರ, ಗದಗ ಡಿಪೋದಲ್ಲಿ ಚಾಲಕ, ತಮ್ಮನ ಹೆಂಡತಿ ಕಸ್ತೂರಿ. ಪರಿಸರಕ್ಕೆ ಹೊಂದುವ ವಾಕ್ಯ ಉಳಿಯುತ್ತದೆ, ಹೊಂದದ್ದು ದೋಷವೆಂದು ಬಿದ್ದುಹೋಗುತ್ತದೆ. ಮೊದಲ ಮಾದರಿಗಳಲ್ಲಿ ಈ ಮೌಲ್ಯಗಳನ್ನು ನಡುವೆ ತಿದ್ದಲು ಅವಕಾಶವಿತ್ತು. ತಿದ್ದಿದೊಡನೆ ನರಕ್ಕೂ ಸಂಪಾದಕಕ್ಕೂ ಇದ್ದ ಹೊಂದಾಣಿಕೆ ಕೆಟ್ಟು ರೋಗಿಗಳು ತೊದಲಿದರು. ಆದ್ದರಿಂದ ಹಳೆಯ ನಿಯಮವನ್ನೇ ಕಟ್ಟುನಿಟ್ಟುಮಾಡಿದರು: ತೆರೆದ ಗಳಿಗೆಯಲ್ಲಿ ಒಂದು ಪ್ರತಿ, ಮುಚ್ಚುವತನಕ ಅದೇ.

ಶಿವಪುತ್ರ ಮಳೆಗಾಲದ ಕೊನೆಯಲ್ಲಿ ತೀರಿಕೊಂಡ. ಗದಗ ಡಿಪೋದಲ್ಲಿ ಬಸ್ ನಿಲ್ಲಿಸಿ, ಕೈತೊಳೆದು, ಬುತ್ತಿ ಬಿಚ್ಚಿದವನು ಮೊದಲ ತುತ್ತಿಗೇ ಪಕ್ಕಕ್ಕೆ ವಾಲಿದ. ನೀಲಗಂಗಾ ಅವನ ಅಕ್ಕ ಮಾತ್ರವಲ್ಲ. ತಾಯಿ ಸತ್ತಾಗ ಅವನಿನ್ನೂ ತೆವಳುತ್ತಿದ್ದ, ಉಣಿಸಿ ಬೆಳೆಸಿದವಳು ಅವಳು.

ನಿಲ್ದಾಣದ ನಿಯಂತ್ರಕ ಸುದ್ದಿ ತಂದು ಬಾಗಿಲ ಹೊರಗೆ ರಾಚಪ್ಪನ ಕಿವಿಯಲ್ಲಿ ಹೇಳಿದ. ಇಬ್ಬರೂ ಒಳಗೆ ಇಣುಕಿದರು. ಅವಳ ಕಣ್ಣು ಮುಚ್ಚಿತ್ತು.

"ಮಲಗ್ಯಾಳ. ಆಕಿಗೆ ಹೇಳಬ್ಯಾಡ್ರಿ" ಎಂದ ರಾಚಪ್ಪ. "ಎದಿ ಒಡದು ಹೋದಾಳು."

ಕಾಯಿಲೆ ಬಿದ್ದವರಿಗೆ ಸಾವಿನ ಸುದ್ದಿ ಹೇಳಬಾರದೆಂಬುದು ಆ ಮನೆತನದಲ್ಲಿ ಯಾರೂ ಕಲಿಸದೆ ಎಲ್ಲರೂ ಕಲಿತ ನಡತೆ. ಅವರು ಒಂದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಿಲ್ದಾಣದ ಗದ್ದಲದ ನಡುವೆ, ಅದೇ ನಿಯಂತ್ರಕ ಕಿಂಡಿಯಲ್ಲಿ ಪಿಸುಗುಡುತ್ತಿದ್ದ ಬಸ್ಸಿನ ಹೆಸರನ್ನು ಹಿಡಿದು ಸಾರುವುದೇ ಅವಳ ವೃತ್ತಿಯಾಗಿತ್ತು.

ಆ ಸಂಜೆ ಪೆಟ್ಟಿಗೆ ಕೇಳಿತು: "ತಮ್ಮ. ಉಂಡನೇನು. ಕೇಳ್ರಿ."

ರಾಚಪ್ಪ ಗೋಡೆಯತ್ತ ತಿರುಗಿ, "ಹೂಂ, ಉಂಡಾನಂತ" ಎಂದ. ಅವಳಿಗೆ ತಿಳಿದಿಲ್ಲವೆಂದು ಅವನಿಗೆ ಖಾತ್ರಿಯಾಯಿತು. ಆ ಮಾತು ಅವಳ ಬಾಯಿಂದ ಇಷ್ಟು ಮೇಲಿಂದ ಮೇಲೆ ಹಿಂದೆಂದೂ ಬಂದಿರಲಿಲ್ಲ ಎಂಬುದು ಅವನ ಗಮನಕ್ಕೆ ಬರಲಿಲ್ಲ.

ಮರುದಿನ ಅವನು ಕೇಂದ್ರಕ್ಕೆ ಫೋನು ಮಾಡಿ ಸಾವಿನ ಸುದ್ದಿ ತಿಳಿಸಿದ. ನಿಯಂತ್ರಣ ಕೊಠಡಿಯಲ್ಲಿ ಪದ್ಮಾವತಿಯ ಎದುರು ಹತ್ತಾರು ಮನೆಗಳ ಮಾತು ಸಾಲುಸಾಲಾಗಿ ಹರಿಯುತ್ತಿತ್ತು.

"ಮೇಡಮ್ಮಾರ, ನಿಮ್ಮ ಯಂತ್ರದಾಗ ನಮ್ಮ ಶಿವಪುತ್ರನ ಹೆಸರು ಹಂಗ ಇರ್ಲಿ. ಏನೂ ತಿದ್ದಬ್ಯಾಡ್ರಿ."

"ತಿದ್ದಿದ್ರೂ ಹೋಗಂಗಿಲ್ರಿ. ತೆರೆದಾಗ ತಗೊಂಡ ಪ್ರತೀನ ಅದು."

"ಛಲೋ ಆತು ಬಿಡ್ರಿ" ಎಂದ ರಾಚಪ್ಪ. ಛಲೋ ಆದದ್ದು ಏನೆಂದು ಇಬ್ಬರೂ ಯೋಚಿಸಲಿಲ್ಲ.

ತಿಂಗಳ ತಪಾಸಣೆಗೆ ಪದ್ಮಾವತಿ ಹುಬ್ಬಳ್ಳಿಗೆ ಬಂದ ದಿನವೇ ಕಸ್ತೂರಿಯೂ ಬಂದಳು. ಗಂಡನ ಅಕ್ಕನನ್ನು ನೋಡಲು ಬಾರದಿದ್ದರೆ ಸಂಶಯ ಬಂದೀತೆಂದು ರಾಚಪ್ಪನೇ ಕರೆಸಿದ್ದ. ಅಡುಗೆಮನೆಯಲ್ಲಿ ಅವಳ ಮುಂದೆ ಕುಂಕುಮದ ಭರಣಿ ಇಟ್ಟು ತಲೆ ತಗ್ಗಿಸಿ ನಿಂತ.

"ಏನ್ರಿ ಅಣ್ಣಾರ ಇದು?"

"ಒಂದ ಗಳಿಗಿ, ಯವ್ವಾ. ಹಚ್ಕೊಂಡು ಒಳಗ ಹೋಗಿ ಮಾತಾಡ್ಸಿ ಬಾ. ಬರಿ ಹಣಿ ನೋಡಿದ್ರ ಆಕಿ ಜೀವ ಬಿಡ್ತಾಳ."

"ತಗಿಯೂ ಮುಂದ ಊರ ಮಂದಿ ಇತ್ತು. ಹಚ್ಕೊಳ್ಳೂ ಮುಂದ ನೀವೊಬ್ರ ಅದೀರಿ" ಎಂದಳು ಕಸ್ತೂರಿ. ಬೆರಳದ್ದಿ ಹಣೆಗಿಟ್ಟುಕೊಂಡಳು. ಬೊಟ್ಟು ಸೊಟ್ಟಗಾಯಿತು. ಕನ್ನಡಿ ಕೇಳಲಿಲ್ಲ.

ಹಾಸಿಗೆಯ ಬಳಿ ಅವಳು ನಗೆ ತಂದುಕೊಂಡು, "ಅಕ್ಕಾರ, ಹೆಂಗದೀರಿ? ಅವ್ರಿಗೆ ರಜಾ ಸಿಗಲಿಲ್ರಿ. ದಸರೀಕೆ ಬರ್ತೀನಿ ಅಂದಾರ" ಎಂದು ನೀಲಗಂಗಾಳ ಪಾದ ಮುಟ್ಟಿ, ಎದೆಯ ಹತ್ತಿರ ಬಾಗಿದಳು.

ನೀಲಗಂಗಾಳ ಎಡಗೈ ಮೇಲೆದ್ದಿತು. ಅದು ಅಷ್ಟು ಎತ್ತರ ಎದ್ದದ್ದನ್ನು ಪದ್ಮಾವತಿ ಎಂದೂ ಕಂಡಿರಲಿಲ್ಲ. ಕಸ್ತೂರಿಯ ಹಣೆಯನ್ನು ತಲುಪಿತು. ಅದೇ ಕ್ಷಣಕ್ಕೆ ಪೆಟ್ಟಿಗೆ ನುಡಿಯಿತು:

"ಮುತ್ತೈದಿಯಾಗಿ. ನೂರು ವರ್ಷ. ಬಾಳು."

ರಾಚಪ್ಪ ಕಣ್ಣೊರೆಸಿಕೊಂಡ. ಪದ್ಮಾವತಿ ಮಾತ್ರ ಬೆರಳುಗಳನ್ನು ನೋಡುತ್ತಿದ್ದಳು. ಅವು ಹಣೆಯ ಮೇಲೆ ನಿಂತಿರಲಿಲ್ಲ, ಎಡಕ್ಕೂ ಬಲಕ್ಕೂ ಆಡುತ್ತಿದ್ದವು. ಕುಂಕುಮ ಕದಡಿ ಹುಬ್ಬಿನವರೆಗೆ ಹರಡಿತು. ಆ ಕೈ ಹರಸುತ್ತಿರಲಿಲ್ಲ, ಒರೆಸುತ್ತಿತ್ತು.

ಪದ್ಮಾವತಿ ಹಾಸಿಗೆಯ ಅಂಚಿಗೆ ಕುಳಿತು, ಎಲ್ಲರೂ ಬಿಟ್ಟುಬಿಟ್ಟಿದ್ದ ಆ ಕಣ್ಣುಗಳನ್ನು ನೋಡಿದಳು.

"ಅಕ್ಕಾರ, ಈಗ ಅಂದ ಮಾತು ನಿಮ್ಮದ ಏನ್ರಿ?"

ರೆಪ್ಪೆ ಎರಡು ಸಲ ಬಡಿಯಿತು.

"ಮೇಡಮ್ಮಾರ, ಏನ್ ಕೇಳಾಕತ್ತೀರಿ!" ಎಂದು ರಾಚಪ್ಪ ಮುಂದೆ ಬಂದ. ಪದ್ಮಾವತಿ ಕೈಯೆತ್ತಿ ಅವನನ್ನು ತಡೆದಳು.

"ನಿಮ್ಮ ತಮ್ಮನ ಸುದ್ದಿ ನಿಮಗ ಗೊತ್ತದ ಏನ್ರಿ?"

ರೆಪ್ಪೆ ಒಮ್ಮೆ ಬಡಿಯಿತು. ಮತ್ತೆ ತೆರೆದಾಗ ನೀರು ಕಿವಿಯತ್ತ ಇಳಿಯಿತು. ಪೆಟ್ಟಿಗೆ ಹೇಳಿತು: "ತಮ್ಮ. ಗದಗಿನ್ಯಾಗ. ಅದಾನ."

ಅವಳು ಅಷ್ಟು ದಿನವೂ ಅಳುತ್ತಿದ್ದಳು. ತಮ್ಮ, ಅನ್ನ, ಸಂಕಟ: ಈ ಮೂರರ ಸಂಕೇತವನ್ನು ಸಂಪಾದಕ ತನ್ನ ಪರಿಸರದೊಂದಿಗೆ ಕೂಡಿಸಿ, ಹೊಂದುವ ಒಂದೇ ವಾಕ್ಯವನ್ನು ಬರೆಯುತ್ತಿತ್ತು. ತಮ್ಮ ಉಂಡನೇನು ಕೇಳ್ರಿ. ಲೆಕ್ಕ ಸರಿಯಾಗಿತ್ತು. ದತ್ತಾಂಶ ಹಳೆಯದಾಗಿತ್ತು.

ಕಸ್ತೂರಿ ಸೆರಗಿನಿಂದ ಉಳಿದ ಕುಂಕುಮವನ್ನು ತೆಗೆದಳು. ಆಮೇಲೆ ನೀಲಗಂಗಾಳ ಎದೆಯ ಮೇಲೆ ತಲೆಯಿಟ್ಟು, ಗದಗಿನಲ್ಲಿ ಅಳಲಾಗದ್ದನ್ನು ಅಲ್ಲಿ ಅತ್ತಳು. ಪೆಟ್ಟಿಗೆ ಅವಳನ್ನು ಮತ್ತೊಮ್ಮೆ ಹರಸಿತು.

ಕೇಂದ್ರದಲ್ಲಿ ಮುಖ್ಯಸ್ಥರು ಪದ್ಮಾವತಿಯ ಮಾತನ್ನು ಪೂರ್ತಿ ಕೇಳಿದರು.

"ಮುಚ್ಚಿ ತೆರೀಬಹುದು. ಆದ್ರ ನರ ಮತ್ತ ಕೂಡತದ ಅಂತ ಹೇಳಾಕ ಬರೂದಿಲ್ಲ. ಈತನಕ ಐದು ಮಂದೀಗೆ ಮುಚ್ಚಿ ತೆರೆದೀವಿ. ಮೂವರಿಗೆ ಕೂಡ್ತು."

"ಇನ್ನಿಬ್ರು?"

"ಅವರಿಗೆ ಇನ್ನೊಮ್ಮೆ ಮುಚ್ಚಿ ತೆರೆದ್ವಿ. ಆಗೂ ಕೂಡಲಿಲ್ಲ. ಎರಡನೇ ಸಲದಾಗ ಇಬ್ಬರಾಗ ಒಬ್ರಿಗೂ ಇಲ್ಲ."

ಐದರಲ್ಲಿ ಮೂರು, ಎರಡರಲ್ಲಿ ಸೊನ್ನೆ. ಇಷ್ಟು ಚಿಕ್ಕ ಸಂಖ್ಯೆಗಳಿಂದ ಯಾವ ಸೂತ್ರವನ್ನೂ ಕಟ್ಟಬಾರದೆಂದು ಪದ್ಮಾವತಿಗೆ ಗೊತ್ತಿತ್ತು. ಕೈಯಲ್ಲಿದ್ದುದು ಅವಷ್ಟೇ.

ಪ್ರಶ್ನೆಯನ್ನು ನೀಲಗಂಗಾಳಿಗೇ ಒಪ್ಪಿಸಿದರು. ಮಾತು ಪೂರ್ತಿ ಹೋಗಬಹುದೆಂದು ಪದ್ಮಾವತಿ ಬಿಡಿಸಿ ಹೇಳಿದಳು. ರಾಚಪ್ಪ ಹಾಸಿಗೆಯ ಕಾಲ್ದೆಸೆಯಲ್ಲಿ ಕೈಮುಗಿದು ನಿಂತಿದ್ದ. ಬೇಡವೆನ್ನಲಿ ಎಂದು ಅವನು ಬೇಡುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು.

"ಮುಚ್ಚೂಣೇನ್ರಿ, ಅಕ್ಕಾರ?"

ರೆಪ್ಪೆ ಒಮ್ಮೆ ಬಡಿಯಿತು.

ಇನ್ನೊಂದು ತೊಡಕಿತ್ತು. ಪರದೆಯ ಮೇಲಿನ ಚಿತ್ರವನ್ನು ಮುಟ್ಟಿ ತೆರೆದರೆ ಸಂಪಾದಕಕ್ಕೆ ತಾಯಿಯಾಗುವುದು ಪೆಟ್ಟಿಗೆ. ಪೆಟ್ಟಿಗೆ ತಾನು ಎದ್ದ ದಿನದ ಪರಿಸರವನ್ನೇ ಹಿಡಿದುಕೊಂಡಿತ್ತು. ಅದಕ್ಕೆ ಹೊಸದನ್ನು ಕೊಡಬೇಕಾದರೆ ಅದನ್ನು ಮಲಗಿಸಿ ಎಬ್ಬಿಸಬೇಕು, ಉಸಿರಿನ ಯಂತ್ರ ಅದರ ಕೈಯಲ್ಲಿರುವಾಗ ಅದು ಸಲ್ಲದು. ಉಳಿದ ದಾರಿ ಒಂದೇ. ಧಾರವಾಡದ ನಿಯಂತ್ರಣ ಕೊಠಡಿಯಲ್ಲಿ ಹೊಸ ಶೆಲ್ ತೆರೆದು, ಅದರಲ್ಲಿ ಮೌಲ್ಯ ತಿದ್ದಿ, ಅದರೊಳಗಿಂದಲೇ ಅಪ್ಪಣೆ ಕೊಟ್ಟು ಸಂಪಾದಕವನ್ನು ಹುಟ್ಟಿಸಬೇಕು. ಆಗ ಆ ಶೆಲ್ಲಿನ ಪ್ರತಿ ಅದಕ್ಕೆ ಬರುತ್ತದೆ.

"ಚಿತ್ರ ಮುಟ್ಟಬ್ಯಾಡ್ರಿ" ಎಂದು ಪದ್ಮಾವತಿ ಧಾರವಾಡಕ್ಕೆ ಹೊರಡುವ ಮುನ್ನ ರಾಚಪ್ಪನಿಗೆ ಹೇಳಿದಳು. "ಚಿತ್ರ ಮುಟ್ಟಿದ್ರ ಹಳೇದ ಹುಟ್ತದ. ನಾ ಅಲ್ಲಿಂದ ತೆರೀತೀನಿ."

"ಆತ್ರಿ. ಗಳಿಗಿ ಮಾತ್ರ ನಂದು."

"ಗಳಿಗಿ ನಿಮ್ದ ಆಗ್ಲಿ, ಮುಟ್ಟೂ ಬಟ್ಟು ನಿಮ್ದ ಬ್ಯಾಡ."

ಆ ದಿನ ಬೆಳಿಗ್ಗೆ ಎರಡೂ ಕಡೆ ಫೋನು ಹಿಡಿದು ಕುಳಿತರು. ಪದ್ಮಾವತಿ ಶೆಲ್ಲಿನಲ್ಲಿ ತಮ್ಮ ಎಂಬ ಹೆಸರಿನ ಮುಂದೆ ಕೈ ತಡೆದಳು.

"ರಾಚಪ್ಪಾರ, ಇಲ್ಲಿ ಏನಂತ ಬರೀಲ್ರಿ?"

ಆ ಕಡೆಯಿಂದ ಕಸ್ತೂರಿಯ ದನಿ ಬಂತು: "ತೀರಿಕೊಂಡಾರ ಅಂತ ಬರೀರಿ."

ಪದ್ಮಾವತಿ ಬರೆದಳು. ಹಳೆಯ ಸಂಪಾದಕವನ್ನು ಮುಚ್ಚಿದಳು. ಹುಬ್ಬಳ್ಳಿಯ ಕೋಣೆಯಲ್ಲಿ ಪರದೆ ಕಪ್ಪಾಯಿತು. ಅವಳು ತೆರೆಯುವ ಅಪ್ಪಣೆಯನ್ನು ಬರೆದು ಕಳಿಸಿದಳು. ಅಪ್ಪಣೆ ಹೊರಟಿತು, ತಲುಪಿದ ಸೂಚನೆ ಬರಲಿಲ್ಲ. ಎರಡು ಊರುಗಳ ನಡುವೆ ಎಲ್ಲೋ ಸಂಪರ್ಕ ತಡೆಯುತ್ತಿತ್ತು; ಅದು ಹಾಗೆ ತಡೆದು ಮತ್ತೆ ಹರಿಯುವುದು ಹೊಸದೇನಲ್ಲ.

"ಇನ್ನೂ ಕತ್ತಲ ಐತ್ರಿ" ಎಂದ ರಾಚಪ್ಪ.

"ಬರ್ತದ, ತಡೀರಿ."

ರಾಚಪ್ಪ ಹೆಂಡತಿಯನ್ನು ನೋಡಿದ. ಅವಳು ಕಪ್ಪು ಪರದೆಯನ್ನು ನೋಡುತ್ತಿದ್ದಳು. ಅಯ್ಯಗೋಳು ಹೇಳಿದ ಗಳಿಗೆ ಮುಗಿಯುತ್ತ ಬಂದಿತ್ತು, ಆಚೆ ರಾಹುಕಾಲ. ಮೊದಲ ಸಲ ಇದೇ ಕೋಣೆಯಲ್ಲಿ, ಇದೇ ಬೆರಳಿಗೆ, ಗಳಿಗೆ ಮೀರುವ ಮೊದಲು ಅವಳ ಮಾತು ಬಂದಿತ್ತು. ಪದ್ಮಾವತಿಯ ಮಾತು ಅವನಿಗೆ ಮರೆತಿರಲಿಲ್ಲ. ಹಳೆಯದು ಹುಟ್ಟಿದರೂ ಹುಟ್ಟಲಿ, ಹುಟ್ಟದೆ ಹೋದರೆ ಏನುಳಿಯಿತು ಎಂದು ಅವನ ಮನಸ್ಸು ಒಂದು ಕ್ಷಣ ಲೆಕ್ಕ ಹಾಕಿತು. ಪರದೆಯ ಕತ್ತಲಿನಲ್ಲಿ ಬಾಯಿಯ ಚಿತ್ರ ಮಸುಕಾಗಿ ಕಾಣುತ್ತಿತ್ತು.

"ಅಣ್ಣಾರ, ಬ್ಯಾಡ!" ಎಂದು ಕಸ್ತೂರಿ ಕೂಗಿದ್ದು ಫೋನಿನಲ್ಲಿ ಪದ್ಮಾವತಿಗೆ ಕೇಳಿಸಿತು.

ಪರದೆ ಬೆಳಗಿತು. ತುಸು ಹೊತ್ತಿನಲ್ಲೇ ಧಾರವಾಡದ ಅಪ್ಪಣೆಯೂ ತಲುಪಿತು. ಸಂಪಾದಕ ಆಗಲೇ ತೆರೆದಿದೆ ಎಂದು ಪೆಟ್ಟಿಗೆ ಅದನ್ನು ಹಿಂದಕ್ಕೆ ಕಳಿಸಿತು.

ನರ ಕೂಡಿತು. ಇಷ್ಟು ಬೇಗ, ಇಷ್ಟು ಚೆನ್ನಾಗಿ ಕೂಡಿದ್ದನ್ನು ಕೇಂದ್ರದಲ್ಲಿ ಯಾರೂ ಕಂಡಿರಲಿಲ್ಲ. ಪರದೆಯ ಗೆರೆಗಳನ್ನು ನೋಡಿ ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಪದ್ಮಾವತಿ ಅವರನ್ನು ಸುಮ್ಮನಿರಿಸಲಿಲ್ಲ. ಫೋನಿನಲ್ಲಿ ಆ ದನಿ, ಹಿಂದೆಂದಿಗಿಂತ ಸ್ಪಷ್ಟವಾಗಿ, ಸಾರಿತು:

"ತಮ್ಮ. ಉಂಡನೇನು. ಕೇಳ್ರಿ."

ಮುಂದಿನ ವಾರ ಪದ್ಮಾವತಿ ಹುಬ್ಬಳ್ಳಿಗೆ ಹೋದಳು. ರಾಚಪ್ಪ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, "ಬೈರಿ ಮೇಡಮ್ಮಾರ, ನಾಲ್ಕು ಬೈರಿ" ಎಂದ. ಅವಳಿಗೆ ಬೈಗುಳ ಸಿಗಲಿಲ್ಲ. ಒಳಗೆ ಕಸ್ತೂರಿ ಹಾಸಿಗೆಯ ಪಕ್ಕ ಕೂತು ನೀಲಗಂಗಾಳ ಬೆರಳುಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಹಣೆ ಬರಿದಾಗಿತ್ತು.

"ಅಕ್ಕಾರ, ಇನ್ನೊಮ್ಮೆ ಮುಚ್ಚೂಣೇನ್ರಿ? ಎರಡನೇ ಸಲ ಮುಚ್ಚಿದ ಮ್ಯಾಲ ಕೂಡಿದ್ದು ಯಾರಿಗೂ ಇಲ್ಲ."

ನೀಲಗಂಗಾ ಅವಳನ್ನು ನೋಡಿದಳು, ಗಂಡನನ್ನು ನೋಡಿದಳು, ಕಣ್ಣು ಮುಚ್ಚಿದಳು. ಒಂದು ಬಡಿತವೆಂದು ಪದ್ಮಾವತಿ ಎಣಿಸಿದಳು. ಕಣ್ಣು ತೆರೆಯಲಿಲ್ಲ. ಹೌದೆನ್ನಲು ಅದು ಬಹಳ ಉದ್ದವಾಗಿತ್ತು, ಅಲ್ಲವೆನ್ನಲು ಎರಡನೆಯದು ಬರಲಿಲ್ಲ. ಎಲ್ಲರೂ ಕಾದರು. ಕೊನೆಗೆ ಕಸ್ತೂರಿ, "ಇರ್ಲಿ ಬಿಡ್ರಿ. ದಣದಾರ" ಎಂದಳು. ಪದ್ಮಾವತಿ ಮತ್ತೊಮ್ಮೆ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತೋ ಏನೋ.

ಈಗ ಆ ಮನೆಯಲ್ಲಿ ಪೆಟ್ಟಿಗೆ ಮಾತಾಡಿದೊಡನೆ ಮಂದಿ ಅವಳ ಕಣ್ಣು ನೋಡುತ್ತಾರೆ. ಚಹಾ ಬೇಕೆಂದು ಅದು ಅಂದಾಗ ಅವಳು ಒಮ್ಮೆ ರೆಪ್ಪೆ ಬಡಿಯುತ್ತಾಳೆ. ತಮ್ಮ ಉಂಡನೇನು ಎಂದಾಗ ಎರಡು ಸಲ ಬಡಿಯುತ್ತಾಳೆ. ತನ್ನ ಬಾಯಿಯ ಮಾತನ್ನು ತಾನೇ ಹೊಡೆದುಹಾಕುವ ಆ ಎರಡು ಬಡಿತಗಳಷ್ಟೇ ಅವಳಿಗೆ ತಮ್ಮನ ಬಗ್ಗೆ ಉಳಿದಿರುವ ಮಾತು. ಅದನ್ನು ಓದಲು ಯಾರಾದರೂ ಎದುರಿಗಿರಬೇಕು.

ಧಾರವಾಡದ ಕೊಠಡಿಯಲ್ಲಿ ಪ್ರತಿ ಸಂಜೆ, ಹತ್ತಾರು ಮನೆಗಳ ಸಾಲುಗಳ ನಡುವೆ, ಹುಬ್ಬಳ್ಳಿಯ ಸಾಲು ಬರುತ್ತದೆ. ಪದ್ಮಾವತಿ ಕೈಕೆಲಸ ಬಿಟ್ಟು ಅದನ್ನು ಓದುತ್ತಾಳೆ. ಅವಳು ಕೊಟ್ಟ ಹೊಸ ಮೌಲ್ಯ ಇನ್ನೂ ಆ ಶೆಲ್ಲಿನಲ್ಲಿದೆ, ಸರಿಯಾಗಿದೆ, ಅದನ್ನು ಪಡೆಯಲು ಯಾರೂ ಹುಟ್ಟಲಿಲ್ಲ. ಪರದೆಯಲ್ಲಿ ಬರೆಹ ಮಾತ್ರ ಕಾಣುತ್ತದೆ. ರೆಪ್ಪೆ ಕಾಣುವುದಿಲ್ಲ.